ಸಾಲ ಕೊಟ್ಟ ಬ್ಯಾಂಕಿಗೇ ದೂರು ಕೊಡುವುದು ಹೇಗೆ?

1998ರ ಏಪ್ರಿಲ್‌ನಲ್ಲಿ ನಾಗರಹೊಳೆಯ ಆದಿವಾಸಿಗಳ ಸಂಘಟನೆಯೊಂದು ಅಮೆರಿಕದ ವಾಷಿಂಗ್ಟನ್ನಿಗೆ ದೂರು ಕಳಿಸಿತು. ದೂರು ಹೋದದ್ದು ಸರ್ಕಾರಕ್ಕಲ್ಲ, ಕೋರ್ಟಿಗೂ ಅಲ್ಲ, ವಿಶ್ವಬ್ಯಾಂಕಿಗೆ. ಆಗ ದೇಶದ ಏಳು ಸಂರಕ್ಷಿತ ಅರಣ್ಯಗಳಲ್ಲಿ ಇಕೋ ಡೆವಲಪ್‌ಮೆಂಟ್ ಎಂಬ ಯೋಜನೆ ನಡೆಯುತ್ತಿತ್ತು. ನಾಗರಹೊಳೆ ಅದರಲ್ಲಿ ಒಂದು. ಹಣ ವಿಶ್ವಬ್ಯಾಂಕಿನ ಮೂಲಕ ಬರುತ್ತಿತ್ತು. ನಮ್ಮನ್ನು ಕೇಳದೆ ಯೋಜನೆ ಮಾಡಿದ್ದಾರೆ, ಇದು ನಮ್ಮನ್ನು ಕಾಡಿನಿಂದ ಹೊರಗೆ ಹಾಕುವ ದಾರಿ, ಆದಿವಾಸಿಗಳ ಬಗ್ಗೆ ಬ್ಯಾಂಕು ತಾನೇ ಬರೆದುಕೊಂಡ ನಿಯಮವನ್ನು ಪಾಲಿಸಿಲ್ಲ ಎಂಬುದು ದೂರಿನ ಸಾರ. ಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್, ಅಂದರೆ ಸ್ವತಂತ್ರ ಪರಿಶೀಲನಾ ಮಂಡಳಿ, ದೂರನ್ನು ಓದಿತು. ಇದರಲ್ಲಿ ಹುರುಳಿದೆ, ಪೂರ್ಣ ತನಿಖೆ ಆಗಬೇಕು ಎಂದು ಶಿಫಾರಸು ಮಾಡಿತು. ಆದರೆ ನಿರ್ದೇಶಕರ ಮಂಡಳಿ ತನಿಖೆಗೆ ಒಪ್ಪಲಿಲ್ಲ. ಲೋಪಗಳನ್ನು ಸರಿಪಡಿಸಿ ಎಂದು ತನ್ನ ಅಧಿಕಾರಿಗಳಿಗೆ ಹೇಳಿ ಅಲ್ಲಿಗೆ ಬಿಟ್ಟಿತು.

ಕನ್ನಡ ನಾಡಿನಿಂದಲೇ ಇಂಥ ದೂರು ಹೋಗಿ ಕಾಲು ಶತಮಾನ ದಾಟಿದೆ. ಆದರೂ ಈ ದಾರಿ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಊರಿನ ಪಕ್ಕ ಸ್ಥಾವರ ಬಂದಾಗ, ರಸ್ತೆಗೋ ಮೆಟ್ರೋಗೋ ಮನೆ ಹೋಗುವಾಗ ನಾವು ತಹಶೀಲ್ದಾರರ ಕಚೇರಿಗೆ ಹೋಗುತ್ತೇವೆ, ಜಿಲ್ಲಾಧಿಕಾರಿಗೆ ಮನವಿ ಕೊಡುತ್ತೇವೆ, ಕೊನೆಗೆ ಹೈಕೋರ್ಟು. ಯೋಜನೆಗೆ ದುಡ್ಡು ಕೊಟ್ಟವರು ಯಾರು ಎಂದು ಕೇಳುವುದೇ ಇಲ್ಲ. ಕೇಳಬೇಕು. ದುಡ್ಡು ಕೊಟ್ಟವರಿಗೂ ಹೊಣೆ ಇದೆ. ಆ ಹೊಣೆಯನ್ನು ಅವರೇ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ.

ಇದು ಕೆಲಸ ಮಾಡುವ ಬಗೆ ಸರಳ. ಬೆಳೆಸಾಲ ಕೊಡುವ ಮೊದಲು ಸೊಸೈಟಿಯವರು ಪಹಣಿ ನೋಡುತ್ತಾರೆ, ಷರತ್ತು ಹಾಕುತ್ತಾರೆ. ದೊಡ್ಡ ಅಭಿವೃದ್ಧಿ ಬ್ಯಾಂಕುಗಳೂ ಹಾಗೆಯೇ. ಅವರ ಷರತ್ತುಗಳಲ್ಲಿ ಹಣ ವಾಪಸಾಗಬೇಕು ಎಂಬುದರ ಜೊತೆಗೆ ಇನ್ನೂ ಕೆಲವು ವಿಷಯ ಇರುತ್ತವೆ. ಜನರನ್ನು ಮೊದಲೇ ಕೇಳಿರಬೇಕು. ಭೂಮಿ, ಮನೆ, ದುಡಿಮೆ ಕಳೆದುಕೊಂಡವರ ಬದುಕು ಮೊದಲಿಗಿಂತ ಕೆಳಗಿಳಿಯಬಾರದು. ನೀರು, ಗಾಳಿ, ಕಾಡಿಗೆ ಆಗುವ ಹಾನಿಯನ್ನು ಮೊದಲೇ ಅಳೆದಿರಬೇಕು. ಇವಕ್ಕೆ ಸೇಫ್‌ಗಾರ್ಡ್ ಎನ್ನುತ್ತಾರೆ, ಅಂದರೆ ರಕ್ಷಣಾ ನಿಯಮಗಳು. ಈ ನಿಯಮ ಪಾಲನೆಯಾಗದೆ ನಿಮಗೆ ಹಾನಿಯಾದರೆ, ಅಥವಾ ಆಗುವ ಹಾಗಿದ್ದರೆ, ನೀವು ಬ್ಯಾಂಕಿನೊಳಗಿನ ಸ್ವತಂತ್ರ ವಿಭಾಗಕ್ಕೆ ದೂರು ಕೊಡಬಹುದು. ನೀವು ಆ ಬ್ಯಾಂಕಿನ ಗ್ರಾಹಕರಾಗಿರಬೇಕಿಲ್ಲ.

ಈ ವ್ಯವಸ್ಥೆ ಹುಟ್ಟಿದ್ದೇ ಭಾರತದ ಜನರ ಹೋರಾಟದಿಂದ. 1985ರಲ್ಲಿ ವಿಶ್ವಬ್ಯಾಂಕು ಸರ್ದಾರ್ ಸರೋವರ ಅಣೆಕಟ್ಟಿಗೆ 45 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು. ನರ್ಮದಾ ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕು ಬ್ರ್ಯಾಡ್‌ಫರ್ಡ್ ಮೋರ್ಸ್ ನೇತೃತ್ವದ ಸಮಿತಿ ನೇಮಿಸಿತು. ಪುನರ್ವಸತಿಯಲ್ಲೂ ಪರಿಸರದ ವಿಷಯದಲ್ಲೂ ಬ್ಯಾಂಕು ತನ್ನದೇ ನಿಯಮಗಳನ್ನು ಪಾಲಿಸಿಲ್ಲ ಎಂದು 1992ರಲ್ಲಿ ಆ ಸಮಿತಿ ಬರೆಯಿತು. ಮರುವರ್ಷ ಮಾರ್ಚ್‌ನಲ್ಲಿ ಭಾರತ ಸರ್ಕಾರ ಉಳಿದ ಸಾಲ ಬೇಡ ಎಂದಿತು. ಅದೇ 1993ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಪೆಕ್ಷನ್ ಪ್ಯಾನೆಲ್ ಸ್ಥಾಪನೆಯಾಯಿತು. ಮೊದಲ ದೂರು ಬಂದದ್ದು ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯ ಬಗ್ಗೆ, 1994ರಲ್ಲಿ. ಮರುವರ್ಷ ಬ್ಯಾಂಕು ಆ ಯೋಜನೆಯಿಂದ ಹಿಂದೆ ಸರಿಯಿತು. ಅಲ್ಲಿಂದ ಒಂದೊಂದಾಗಿ ಬೇರೆ ಬ್ಯಾಂಕುಗಳೂ ಇಂಥ ವಿಭಾಗ ತೆರೆದವು.

ಹಾಗಾಗಿ ಮೊದಲ ಕೆಲಸ ದುಡ್ಡಿನ ಮೂಲ ಹುಡುಕುವುದು. ಸರ್ಕಾರಿ ಯೋಜನೆಯಾದರೆ ಇದು ಸುಲಭ. ಕೆಲಸದ ಜಾಗದ ಫಲಕದಲ್ಲಿ, ಟೆಂಡರ್ ಪ್ರಕಟಣೆಯಲ್ಲಿ ಸಾಲ ಕೊಟ್ಟವರ ಹೆಸರು ಇರುತ್ತದೆ. ಬೆಂಗಳೂರಿನ ಮೆಟ್ರೋ ಜಾಲಕ್ಕೆ ಜಪಾನಿನ ಜೈಕಾ ಸಂಸ್ಥೆ ಸಾಲ ಕೊಟ್ಟಿದೆ. ನಾಗವಾರ–ಗೊಟ್ಟಿಗೆರೆ ಕಡೆಯ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕು ಮತ್ತು ಏಷ್ಯನ್ ಇನ್‌ಫ್ರಾಸ್ಟ್ರಕ್ಚರ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಸಾಲವಿದೆ. ಕಾವೇರಿ ಐದನೇ ಹಂತದ ಕುಡಿಯುವ ನೀರಿಗೂ ಜೈಕಾ ಹಣ. ವಿಶ್ವಬ್ಯಾಂಕು, ಎಡಿಬಿ ಎಂದು ಕರೆಯುವ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕು, ಇವೆಲ್ಲ ತಮ್ಮ ಪ್ರತಿ ಯೋಜನೆಯ ಪುಟವನ್ನು ಜಾಲತಾಣದಲ್ಲಿ ಇಟ್ಟಿರುತ್ತವೆ. ಅಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿದರೆ ಪರಿಸರ ವರದಿ, ಪುನರ್ವಸತಿ ಯೋಜನೆ, ಸಾಲದ ಒಪ್ಪಂದ ಸಿಗುತ್ತವೆ. ಇವನ್ನು ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳಿ. ಮುಂದೆ ನಿಮ್ಮ ದೂರು ನಿಲ್ಲುವುದು ಈ ಕಾಗದಗಳ ಮೇಲೆ.

ಖಾಸಗಿ ಕಂಪನಿಯ ಯೋಜನೆಯಾದರೆ ಸ್ವಲ್ಪ ಅಗೆಯಬೇಕು. ಕಂಪನಿ ಸಾಲ ತೆಗೆದು ಆಸ್ತಿಯನ್ನು ಅಡವಿಟ್ಟರೆ ಅದನ್ನು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಬೇಕು. ಇದಕ್ಕೆ ಚಾರ್ಜ್ ನೋಂದಣಿ ಎನ್ನುತ್ತಾರೆ. ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಚಾರ್ಜ್‌ಗಳ ಪಟ್ಟಿ ನೋಡಬಹುದು. ಮೂಲ ದಾಖಲೆ ಬೇಕಾದರೆ ಸಣ್ಣ ಶುಲ್ಕ ಕಟ್ಟಬೇಕು. ಕೆಲವೊಮ್ಮೆ ಅಲ್ಲಿ ಬ್ಯಾಂಕಿನ ಹೆಸರಿನ ಬದಲು ಟ್ರಸ್ಟಿ ಕಂಪನಿಯ ಹೆಸರು ಕಾಣುತ್ತದೆ. ಹಲವು ಬ್ಯಾಂಕುಗಳು ಸೇರಿ ಸಾಲ ಕೊಟ್ಟಾಗ ಹೀಗಾಗುತ್ತದೆ. ಗಾಬರಿಯಾಗಬೇಡಿ, ಒಳಗಿನ ದಾಖಲೆಯಲ್ಲಿ ಸಾಲದಾತರ ಹೆಸರುಗಳು ಇರುತ್ತವೆ. ಕಂಪನಿಯ ವಾರ್ಷಿಕ ವರದಿಯನ್ನೂ ನೋಡಿ. ವಿಶ್ವಬ್ಯಾಂಕಿನ ಗುಂಪಿಗೇ ಸೇರಿದ ಐಎಫ್‌ಸಿ ಎಂಬ ಸಂಸ್ಥೆ ಖಾಸಗಿ ಕಂಪನಿಗಳಿಗೆ ಸಾಲ ಕೊಡುತ್ತದೆ. ಅದರ ಹೆಸರು ಕಂಡರೆ ವಿಶೇಷವಾಗಿ ಗುರುತು ಹಾಕಿಕೊಳ್ಳಿ.

ಇನ್ನು ಯಾರು ದೂರು ಕೊಡಬಹುದು? ವಿಶ್ವಬ್ಯಾಂಕಿನ ಪ್ಯಾನೆಲ್‌ಗೆ ಕನಿಷ್ಠ ಇಬ್ಬರು ಬೇಕು. ಎಡಿಬಿಗೂ ಹಾಗೆಯೇ. ಐಎಫ್‌ಸಿ ವಿಷಯ ನೋಡುವ ಸಿಎಒ ಎಂಬ ವಿಭಾಗಕ್ಕೆ ಒಬ್ಬರೇ ಕೊಟ್ಟರೂ ಸಾಕು. ನಿಮ್ಮ ಪರವಾಗಿ ಬೇರೆಯವರು ಕೊಡುವುದಾದರೆ ನೀವು ಒಪ್ಪಿದ್ದೀರಿ ಎಂಬ ಸಹಿ ಬೇಕು. ವಿಶ್ವಬ್ಯಾಂಕು, ಎಡಿಬಿ ಇನ್ನೊಂದು ಮಾತು ಕೇಳುತ್ತವೆ: ಮೊದಲು ನಮ್ಮ ಅಧಿಕಾರಿಗಳಿಗೆ ಹೇಳಿದ್ದಿರಾ? ಅದಕ್ಕಾಗಿ ದೆಹಲಿಯ ಅವರ ಕಚೇರಿಗೆ ಮೊದಲೇ ಒಂದು ಪತ್ರ ಬರೆಯಿರಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೂ ಆ ಚೀಟಿಯೇ ಸಾಕ್ಷಿ.

ಗಡುವಿನ ಬಗ್ಗೆ ಎಚ್ಚರ ಬೇಕು. ವಿಶ್ವಬ್ಯಾಂಕಿನಲ್ಲಿ ಸಾಲದ ಹಣ ಬಿಡುಗಡೆಯ ಅವಧಿ ಮುಗಿದ 15 ತಿಂಗಳವರೆಗೆ ದೂರು ಕೊಡಬಹುದು ಎಂದು 2020ರಲ್ಲಿ ನಿಯಮ ಸಡಿಲವಾಯಿತು. ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗಾದರೆ ನಿಮಗೆ ವಿಷಯ ತಿಳಿದ ಒಂದು ವರ್ಷದೊಳಗೆ ಕೊಡಬೇಕು. ಆದರೆ ನನ್ನ ಮಾತು ಕೇಳುವುದಾದರೆ ಕೊನೆಯ ದಿನದವರೆಗೆ ಕಾಯಬೇಡಿ. ಸಾಲ ಕಂತಿನಲ್ಲಿ ಹೋಗುತ್ತದೆ. ಕಂತು ಬಾಕಿ ಇರುವವರೆಗೆ ಮಾತ್ರ ಬ್ಯಾಂಕಿನ ಮಾತಿಗೆ ತೂಕ. ಹಣವೆಲ್ಲ ಹೋದ ಮೇಲೆ ಬರುವ ವರದಿ ಎಷ್ಟು ಚೆನ್ನಾಗಿದ್ದರೂ ಕಂಪನಿಯನ್ನು ಬಗ್ಗಿಸುವ ಶಕ್ತಿ ಅದಕ್ಕೆ ಕಡಿಮೆ.

ಮುಂಬೈಯಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ನಡೆಯಿತು. ಅಲ್ಲಿನ ನಗರ ಸಾರಿಗೆ ಯೋಜನೆಗೆ ವಿಶ್ವಬ್ಯಾಂಕು 2002ರಲ್ಲಿ ಸಾಲ ಕೊಟ್ಟಿತ್ತು. ರಸ್ತೆ ಅಗಲಗೊಳಿಸಲು ಅಂಗಡಿ, ಮನೆಗಳನ್ನು ತೆರವು ಮಾಡಬೇಕಿತ್ತು. 2004ರಲ್ಲಿ ದೂರು ಕೊಟ್ಟವರಲ್ಲಿ ರಸ್ತೆ ಬದಿಯ ಅಂಗಡಿ ಮಾಲೀಕರ ಸಂಘವೂ ಇತ್ತು. ನಮಗೆ ಕೊಡುತ್ತಿರುವ ಜಾಗ ಅಂಗಡಿಗೆ ಸಾಲದು, ದೂರದಲ್ಲಿ ವ್ಯಾಪಾರ ನಡೆಯುವುದಿಲ್ಲ ಎಂಬುದು ಅವರ ಮಾತು. ಪ್ಯಾನೆಲ್ ತನಿಖೆ ಮಾಡಿ ಬ್ಯಾಂಕಿನ ಲೋಪಗಳನ್ನು ಪಟ್ಟಿ ಮಾಡಿತು. 2006ರ ಮಾರ್ಚ್‌ನಲ್ಲಿ ಬ್ಯಾಂಕು ರಸ್ತೆ ಮತ್ತು ಪುನರ್ವಸತಿ ಭಾಗದ ಹಣವನ್ನು ತಡೆಹಿಡಿಯಿತು. ರಾಜ್ಯ ಸರ್ಕಾರ ಷರತ್ತುಗಳಿಗೆ ಒಪ್ಪಿದ ಮೇಲೆ ಕೆಲವೇ ತಿಂಗಳಲ್ಲಿ ಹಣ ಬಿಡುಗಡೆಯಾಯಿತು. ಕಂತು ಬಾಕಿ ಇತ್ತು, ಅದಕ್ಕೇ ಮಾತು ನಡೆಯಿತು.

ದೂರು ಬರೆಯಲು ವಕೀಲರು ಬೇಕಿಲ್ಲ, ಇಂಗ್ಲಿಷ್ ಕೂಡ ಬೇಕಿಲ್ಲ. ವಿಶ್ವಬ್ಯಾಂಕು ಮತ್ತು ಸಿಎಒ ಯಾವ ಭಾಷೆಯ ದೂರನ್ನಾದರೂ ತೆಗೆದುಕೊಳ್ಳುತ್ತವೆ. ಕನ್ನಡದಲ್ಲೇ ಬರೆಯಿರಿ. ಅನುವಾದ ಅವರ ಕೆಲಸ. ಶುಲ್ಕವೂ ಇಲ್ಲ. ಇ-ಮೇಲ್ ಅಥವಾ ಅಂಚೆಯಲ್ಲಿ ಕಳಿಸಬಹುದು. ಪತ್ರದಲ್ಲಿ ನೀವು ಯಾರು, ಎಲ್ಲಿಯವರು ಎಂದು ಮೊದಲು ಹೇಳಿ. ಯೋಜನೆ ಯಾವುದು, ಬ್ಯಾಂಕು ಯಾವುದು ಎಂದು ಬರೆಯಿರಿ. ಆಮೇಲೆ ಹಾನಿ. ಇಲ್ಲಿ ಅವಸರ ಬೇಡ. ಧೂಳು ಬರುತ್ತದೆ ಎಂದರೆ ಸಾಲದು. ಯಾವ ತಿಂಗಳಿಂದ, ಯಾವ ಕಡೆಯಿಂದ, ಯಾರ ತೋಟದ ಮೇಲೆ, ಬೆಳೆ ಎಷ್ಟು ಕಡಿಮೆಯಾಯಿತು ಎಂದು ಹೇಳಿ. ಬಾವಿಯ ನೀರು ಕೆಟ್ಟಿದ್ದರೆ ಪರೀಕ್ಷೆಯ ಚೀಟಿ ಹಚ್ಚಿ. ಪಹಣಿ, ಮನೆ ತೆರಿಗೆ ರಸೀದಿ, ದಿನಾಂಕ ಇರುವ ಫೋಟೊ ಸೇರಿಸಿ. ಪರಿಸರ ಅನುಮತಿಗೆ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ನಡೆಸಿದ್ದರೆ ಅದರ ನಡವಳಿ ತೆಗೆಸಿಕೊಳ್ಳಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಅದು ಸಿಗುತ್ತದೆ. ನೀವು ಹೇಳಿದ ಆಕ್ಷೇಪ ಆ ನಡವಳಿಯಲ್ಲಿ ಇಲ್ಲವೇ ಇಲ್ಲ ಎಂದಾದರೆ, ಅದೇ ದೊಡ್ಡ ಸಾಕ್ಷಿ.

ಯಾವ ನಿಯಮ ಮುರಿದಿದೆ ಎಂದು ಸಂಖ್ಯೆ ಸಮೇತ ಬರೆಯಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಕಿಲ್ಲ. ಹಾನಿಯನ್ನು ಸ್ಪಷ್ಟವಾಗಿ ಹೇಳಿದರೆ ನಿಯಮ ಹುಡುಕುವುದು ಅವರ ಕೆಲಸ. ಆದರೆ ನಿಮಗೆ ಏನು ಬೇಕು ಎಂಬುದನ್ನು ತಪ್ಪದೆ ಬರೆಯಿರಿ. ಕಾಮಗಾರಿ ನಿಲ್ಲಬೇಕೆ, ಮಾರ್ಗ ಬದಲಾಗಬೇಕೆ, ಜಮೀನಿಗೆ ಜಮೀನು ಬೇಕೆ, ಊರಿಗೆ ಶುದ್ಧ ನೀರು ಬೇಕೆ? ಇದನ್ನು ಊರಿನವರು ಮೊದಲೇ ಕುಳಿತು ತೀರ್ಮಾನಿಸಿಕೊಳ್ಳಬೇಕು. ಆ ಸಭೆಗೆ ಹೆಂಗಸರು ಬರಬೇಕು, ಜಮೀನಿಲ್ಲದ ಕೂಲಿಯವರೂ ಬರಬೇಕು. ಪಹಣಿಯಲ್ಲಿ ಹೆಸರಿಲ್ಲದವರ ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮ್ಮ ದೂರಿನಲ್ಲೂ ಅವರು ಬಿಟ್ಟುಹೋದರೆ ಆಮೇಲೆ ಸೇರಿಸುವುದು ಕಷ್ಟ.

ಹೆದರಿಕೆ ಇದ್ದರೆ? ಹೆಸರು ಗುಟ್ಟಾಗಿಡಿ ಎಂದು ಕೇಳಬಹುದು. ವಿಭಾಗದವರಿಗೆ ಹೆಸರು ಗೊತ್ತಿರುತ್ತದೆ, ಕಂಪನಿಗೂ ಸರ್ಕಾರಕ್ಕೂ ಹೇಳುವುದಿಲ್ಲ. ಬೆದರಿಕೆ ಬಂದರೆ ದಿನಾಂಕ ಹಾಕಿ ಬರೆದಿಟ್ಟು ತಕ್ಷಣ ತಿಳಿಸಿ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ವಿಭಾಗಗಳಿಗೆ ಪೊಲೀಸ್ ಅಧಿಕಾರ ಇಲ್ಲ. ಅವರು ನಿಮ್ಮ ಪರವಾಗಿ ಮಾತಾಡಬಲ್ಲರು, ನಿಮ್ಮ ಮನೆ ಕಾಯಲಾರರು. ಊರಿನಲ್ಲಿ ಒಗ್ಗಟ್ಟು ಇಲ್ಲದೆ ಒಂಟಿಯಾಗಿ ಮುಂದಾಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ದೂರು ಹೋದ ಮೇಲೆ ಅದು ತಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಎರಡು ದಾರಿ. ಒಂದು ಮಾತುಕತೆ: ಮಧ್ಯಸ್ಥರನ್ನು ಇಟ್ಟು ನಿಮ್ಮನ್ನೂ ಕಂಪನಿಯನ್ನೂ ಕೂರಿಸುತ್ತಾರೆ. ಇನ್ನೊಂದು ಕಂಪ್ಲಯನ್ಸ್, ಅಂದರೆ ಬ್ಯಾಂಕು ತನ್ನ ನಿಯಮ ಪಾಲಿಸಿತೇ ಎಂಬ ತನಿಖೆ. ಮಾರ್ಗ ಸ್ವಲ್ಪ ಸರಿಯಬೇಕು, ಪರಿಹಾರ ಹೆಚ್ಚಬೇಕು ಎಂಬಂಥ ವಿಷಯಕ್ಕೆ ಮಾತುಕತೆ ಒಳ್ಳೆಯದು. ಬೆಂಗಳೂರಿನ ಆಲ್ ಸೇಂಟ್ಸ್ ಚರ್ಚ್‌ನ ಆವರಣದ ಜಾಗ ಮತ್ತು ಹಳೆಯ ಮರಗಳು ಮೆಟ್ರೋ ನಿಲ್ದಾಣಕ್ಕೆ ಹೋಗುವ ಪ್ರಸಂಗ ಬಂದಾಗ ಭಕ್ತರು ಯುರೋಪಿಯನ್ ಬ್ಯಾಂಕಿನ ದೂರು ವಿಭಾಗಕ್ಕೆ ಹೋಗಿದ್ದರು. ಮಾತುಕತೆಗೆ ಕೂತರೆ ಎರಡು ವಿಷಯ ನೆನಪಿಡಿ. ಪ್ರತಿ ಕಾಗದವನ್ನೂ ಕನ್ನಡದಲ್ಲಿ ಕೇಳಿ. ಮೊದಲ ಸಭೆಯಲ್ಲೇ ಯಾವುದಕ್ಕೂ ಸಹಿ ಹಾಕಬೇಡಿ. ಜನರನ್ನು ಕೇಳದೆಯೇ ಯೋಜನೆ ಮಾಡಿದ್ದಾರೆ, ಹಾನಿಯನ್ನು ಮುಚ್ಚಿಟ್ಟಿದ್ದಾರೆ ಎಂದಾದರೆ ತನಿಖೆಯೇ ಸರಿ.

ತನಿಖೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದಕ್ಕೆ ಗುಜರಾತಿನ ಮುಂದ್ರಾ ಪ್ರಕರಣವನ್ನು ಪೂರ್ತಿ ತಿಳಿಯಬೇಕು. ಕಛ್ ಕೊಲ್ಲಿಯ ದಡದಲ್ಲಿ ಟಾಟಾ ಗುಂಪಿನ ಕಂಪನಿಯೊಂದು ಸುಮಾರು 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಿತು. 2008ರಲ್ಲಿ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟಿತು. ಎಡಿಬಿಯೂ ಸಾಲ ಕೊಟ್ಟಿತು. ಆ ದಡದಲ್ಲಿ ಮೀನುಗಾರ ಕುಟುಂಬಗಳು ವರ್ಷದ ಎಂಟೊಂಬತ್ತು ತಿಂಗಳು ಬಂದರು ಎಂದು ಕರೆಯುವ ದಡದ ನೆಲೆಗಳಲ್ಲಿ ಗುಡಿಸಲು ಹಾಕಿ ಇರುತ್ತವೆ. ಮೀನು ಹಿಡಿಯುತ್ತವೆ, ಒಣಗಿಸುತ್ತವೆ. ಮಳೆಗಾಲದಲ್ಲಿ ಊರಿಗೆ ಮರಳುತ್ತವೆ. ಸ್ಥಾವರ ತಂಪಾಗಲು ಸಮುದ್ರದ ನೀರು ಎಳೆದುಕೊಂಡು ಬಿಸಿನೀರನ್ನು ವಾಪಸ್ ಬಿಡುತ್ತದೆ. ದಡದ ಹತ್ತಿರ ಮೀನು ಕಡಿಮೆಯಾಯಿತು, ಒಣಗಲು ಹಾಕಿದ ಮೀನಿನ ಮೇಲೆ ಕಲ್ಲಿದ್ದಲಿನ ಧೂಳು ಕೂರುತ್ತದೆ ಎಂದು 2011ರಲ್ಲಿ ಮೀನುಗಾರರ ಸಂಘಟನೆ ಸಿಎಒಗೆ ದೂರು ಕೊಟ್ಟಿತು.

2013ರಲ್ಲಿ ವರದಿ ಬಂತು. ಋತುಮಾನಕ್ಕೆ ತಕ್ಕಂತೆ ಬಂದು ಇರುವ ಈ ಜನರನ್ನು ಐಎಫ್‌ಸಿ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಸಮುದ್ರಕ್ಕೆ ಆಗುವ ಹಾನಿಯನ್ನು ಸಾಕಷ್ಟು ಪರಿಶೀಲಿಸಿಲ್ಲ ಎಂದು ಸಿಎಒ ಹೇಳಿತು. ಮೀನುಗಾರರ ಮಾತು ನಿಜವೆಂದು ಬ್ಯಾಂಕಿನದೇ ವಿಭಾಗ ಒಪ್ಪಿತು. ಆದರೆ ಐಎಫ್‌ಸಿ ಆಡಳಿತ ವರದಿಯ ಹಲವು ಅಂಶಗಳನ್ನು ಒಪ್ಪದೆ ತನ್ನನ್ನು ಸಮರ್ಥಿಸಿಕೊಂಡಿತು. ಹಾನಿಗೆ ತಕ್ಕ ಪರಿಹಾರ ಸಿಗಲಿಲ್ಲ. ಇದು ಅನ್ಯಾಯ, ಬೇರೆ ಮಾತಿಲ್ಲ.

ಮೀನುಗಾರರು ಬಿಡಲಿಲ್ಲ. 2015ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ಐಎಫ್‌ಸಿ ಮೇಲೆ ದಾವೆ ಹೂಡಿದರು. ನಾವು ಅಂತರರಾಷ್ಟ್ರೀಯ ಸಂಸ್ಥೆ, ನಮ್ಮ ಮೇಲೆ ದಾವೆಯೇ ನಡೆಯುವುದಿಲ್ಲ ಎಂದು ಐಎಫ್‌ಸಿ ವಾದಿಸಿತು. 2019ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7–1 ಬಹುಮತದಲ್ಲಿ ಆ ವಾದವನ್ನು ತಳ್ಳಿಹಾಕಿತು. ಇಂಥ ಸಂಸ್ಥೆಗಳಿಗೆ ಪೂರ್ತಿ ರಕ್ಷಣೆ ಇಲ್ಲ ಎಂದಿತು. ದಶಕಗಳಿಂದ ಮುಚ್ಚಿದ್ದ ಬಾಗಿಲು ಅಂದು ತೆರೆಯಿತು. ಆದರೆ ಈ ಪ್ರಕರಣದ ಮುಖ್ಯ ಘಟನೆಗಳು ಅಮೆರಿಕದಲ್ಲಿ ನಡೆದಿಲ್ಲ ಎಂದು 2020ರಲ್ಲಿ ಕೆಳಗಿನ ಕೋರ್ಟು ದಾವೆಯನ್ನು ವಜಾ ಮಾಡಿತು. ಮರುವರ್ಷ ಮೇಲ್ಮನವಿಯೂ ಬಿತ್ತು. 2022ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೇಳಲು ಒಪ್ಪಲಿಲ್ಲ. ಹಾಗಾಗಿ ದೂರಿನ ವರದಿಯನ್ನು ತೀರ್ಪು ಎಂದು ತಿಳಿಯಬೇಡಿ. ಅದು ಗಟ್ಟಿ ದಾಖಲೆ. ಅದನ್ನು ಹಿಡಿದು ಪತ್ರಿಕೆಗೆ, ಶಾಸಕರಿಗೆ, ಕೋರ್ಟಿಗೆ ಹೋಗುವ ಕೆಲಸ ನಿಮ್ಮ ಪಾಲಿಗೆ ಉಳಿದೇ ಇರುತ್ತದೆ.

ಇದೇ ಕಾರಣಕ್ಕೆ ಇಲ್ಲಿನ ಕಾನೂನಿನ ಗಡುವುಗಳನ್ನು ಮರೆಯಬಾರದು. ಪರಿಸರ ಅನುಮತಿ ಕೊಟ್ಟದ್ದನ್ನು ಪ್ರಶ್ನಿಸಲು ಹಸಿರು ನ್ಯಾಯಮಂಡಳಿಗೆ 30 ದಿನದಲ್ಲಿ ಹೋಗಬೇಕು. ಸಕಾರಣವಿದ್ದರೆ ಇನ್ನು 60 ದಿನ ಸಿಗಬಹುದು. ಬ್ಯಾಂಕಿನ ಉತ್ತರ ಬರಲಿ ಎಂದು ಕಾಯುತ್ತ ಕೂತರೆ ಈ ಅವಕಾಶ ಕೈತಪ್ಪುತ್ತದೆ. ಎರಡನ್ನೂ ಜೊತೆಗೆ ನಡೆಸಬಹುದೇ? ಸಿಎಒ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಆದರೆ ಕೋರ್ಟಿನಲ್ಲಿರುವ ವಿಷಯವನ್ನು ಯುರೋಪಿಯನ್ ಬ್ಯಾಂಕಿನಂಥ ಕೆಲವರು ತೆಗೆದುಕೊಳ್ಳುವುದಿಲ್ಲ. ಮೊದಲೇ ಇ-ಮೇಲ್‌ನಲ್ಲಿ ಕೇಳಿ ತಿಳಿಯಿರಿ.

ಸಾಲ ಕೊಟ್ಟದ್ದು ನಮ್ಮ ದೇಶದ ಬ್ಯಾಂಕಾದರೆ ದಾರಿ ಕಿರಿದು. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ದೂರು ಆಲಿಸುವ ಅಧಿಕಾರಿ, ಗ್ರಾಹಕರ ಸೇವೆಯ ಲೋಪ ಮಾತ್ರ ನೋಡುತ್ತಾರೆ. ನಿಮ್ಮ ಕೆರೆ ಕೆಟ್ಟಿತು ಎಂಬುದು ಅವರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಷೇರುಪೇಟೆಯಲ್ಲಿರುವ ದೇಶದ 1,000 ದೊಡ್ಡ ಕಂಪನಿಗಳು, ದೊಡ್ಡ ಬ್ಯಾಂಕುಗಳೂ ಸೇರಿ, ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದಂತೆ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ ವರದಿ ಕೊಡಬೇಕು. ಸಮುದಾಯದವರಿಂದ ಎಷ್ಟು ದೂರು ಬಂತು, ಎಷ್ಟು ಬಾಕಿ ಎಂದು ಅದರಲ್ಲಿ ಬರೆಯಬೇಕು. ಆ ಬ್ಯಾಂಕಿನ ಕೇಂದ್ರ ಕಚೇರಿಗೆ ಲಿಖಿತ ದೂರು ಕೊಡಿ. ಮುಂದಿನ ವರದಿಯಲ್ಲಿ ಆ ಅಂಕಿ ಇದೆಯೇ ನೋಡಿ, ಇಲ್ಲದಿದ್ದರೆ ಸೆಬಿಗೆ ಬರೆಯಿರಿ. ಸರ್ಕಾರಿ ಬ್ಯಾಂಕಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. ವಾಣಿಜ್ಯ ಗುಟ್ಟು ಎಂದು ತಿರಸ್ಕರಿಸುವುದು ಹೆಚ್ಚು, ಆದರೂ ಮೇಲ್ಮನವಿ ಹಾಕಿ.

ವಿದೇಶದ ಖಾಸಗಿ ಬ್ಯಾಂಕು ಅಥವಾ ಹೂಡಿಕೆದಾರರಿದ್ದರೆ ಇನ್ನೊಂದು ಬಾಗಿಲಿದೆ. ಒಇಸಿಡಿ ಎಂಬ ದೇಶಗಳ ಒಕ್ಕೂಟ ಕಂಪನಿಗಳಿಗೆಂದು ಬರೆದ ಮಾರ್ಗಸೂಚಿ ಒಪ್ಪಿದ 50ಕ್ಕೂ ಹೆಚ್ಚು ದೇಶಗಳಲ್ಲಿ ನ್ಯಾಷನಲ್ ಕಾಂಟ್ಯಾಕ್ಟ್ ಪಾಯಿಂಟ್ ಎಂಬ ಸರ್ಕಾರಿ ದೂರು ಕೇಂದ್ರ ಇದೆ. ಭಾರತ ಆ ಪಟ್ಟಿಯಲ್ಲಿ ಇಲ್ಲ. ಆದರೆ ಬ್ಯಾಂಕಿನ ತವರು ದೇಶ ಇದ್ದರೆ ಅಲ್ಲಿಗೆ ದೂರು ಕೊಡಬಹುದು. ಒಡಿಶಾದ ಪೋಸ್ಕೊ ಉಕ್ಕಿನ ಯೋಜನೆಯ ಬಗ್ಗೆ 2012ರಲ್ಲಿ ಕೊರಿಯಾ, ನೆದರ್‌ಲೆಂಡ್ಸ್, ನಾರ್ವೆ ಮೂರೂ ಕಡೆ ದೂರು ಹೋಯಿತು, ಏಕೆಂದರೆ ಡಚ್ ಮತ್ತು ನಾರ್ವೆಯ ಪಿಂಚಣಿ ನಿಧಿಗಳು ಪೋಸ್ಕೊದ ಷೇರು ಹೊಂದಿದ್ದವು. ಸಣ್ಣ ಪಾಲಿನ ಷೇರುದಾರರಿಗೂ ಹೊಣೆ ಇದೆ ಎಂದು ನಾರ್ವೆಯ ಕೇಂದ್ರ ಮರುವರ್ಷ ಹೇಳಿತು. ಕಾಂಬೋಡಿಯಾದಲ್ಲಿ ಸಕ್ಕರೆ ಕಂಪನಿಯೊಂದು ನೂರಾರು ಕುಟುಂಬಗಳ ಭೂಮಿ ಕಿತ್ತುಕೊಂಡಿತ್ತು. ಅದಕ್ಕೆ ಸಾಲ ಕೊಟ್ಟಿದ್ದ ಎಎನ್‌ಝೆಡ್ ಬ್ಯಾಂಕಿನ ಮೇಲೆ ಆಸ್ಟ್ರೇಲಿಯಾದಲ್ಲಿ ದೂರು ನಡೆಯಿತು. 2020ರಲ್ಲಿ ಬ್ಯಾಂಕು ಆ ಸಾಲದಿಂದ ಗಳಿಸಿದ ಒಟ್ಟು ಲಾಭವನ್ನು ಆ ಕುಟುಂಬಗಳಿಗೆ ಕೊಡಲು ಒಪ್ಪಿತು.

ನೆರವು ಎಲ್ಲಿ ಸಿಗುತ್ತದೆ? ದೆಹಲಿಯ ಸೆಂಟರ್ ಫಾರ್ ಫೈನಾನ್ಶಿಯಲ್ ಅಕೌಂಟಬಿಲಿಟಿ ಇಂಥ ಸಾಲಗಳ ಮೇಲೆ ಕಣ್ಣಿಟ್ಟು ಕೆಲಸ ಮಾಡುತ್ತದೆ. ಹೊರದೇಶದ ಅಕೌಂಟಬಿಲಿಟಿ ಕೌನ್ಸೆಲ್ ಮತ್ತು ಇನ್‌ಕ್ಲೂಸಿವ್ ಡೆವಲಪ್‌ಮೆಂಟ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಗಳು ದೂರು ತಯಾರಿಸಲು ಸಮುದಾಯಗಳಿಗೆ ಸಹಾಯ ಮಾಡುತ್ತವೆ. ಮುಂದ್ರಾ ದಾವೆ ನಡೆಸಿದ್ದು ಅರ್ಥ್‌ರೈಟ್ಸ್ ಇಂಟರ್‌ನ್ಯಾಷನಲ್. ನಿಮ್ಮ ಖರ್ಚು ಮುಖ್ಯವಾಗಿ ಜೆರಾಕ್ಸ್, ಅಂಚೆ, ನೀರಿನ ಪರೀಕ್ಷೆ ಮತ್ತು ಸಭೆಗೆ ಬಂದವರ ಒಂದು ದಿನದ ಕೂಲಿ. ದೂರಿನ ದಾಖಲೆಗಳ ಮೂರು ಪ್ರತಿ ಮಾಡಿಸಿ ಮೂರು ಬೇರೆ ಮನೆಗಳಲ್ಲಿ ಇಡಿ. ಪತ್ರ ತಲುಪಿತು ಎಂಬ ಉತ್ತರ ಎರಡು ವಾರದಲ್ಲಿ ಬರದಿದ್ದರೆ ಅದೇ ಪತ್ರವನ್ನು ಮತ್ತೆ ಕಳಿಸಿ, ಮೊದಲು ಕಳಿಸಿದ ದಿನಾಂಕವನ್ನು ಮೇಲ್ಗಡೆ ಬರೆಯಿರಿ.